ವಿಜ್ಞಾನ ಮತ್ತು ರಂಗಕಲೆ: ಎರಡನ್ನೂ ಹಿಡಿದು ಬದುಕು ಕಟ್ಟಿಕೊಳ್ಳುವುದು ಹೇಗೆ?

ಹತ್ತನೆಯ ತರಗತಿಯ ಫಲಿತಾಂಶ ಬಂದ ಕೂಡಲೇ ಗಡಿನಾಡಿನ ಅನೇಕ ಮನೆಗಳಲ್ಲಿ ಒಂದೇ ಬಗೆಯ ಮಾತು ಕೇಳಿಬರುತ್ತದೆ: "ಸಯನ್ಸ್ ತೆಗೆದುಕೊಂಡಿದ್ದೀಯ, ಇನ್ನೆರಡು ವರ್ಷ ಹಾಡು, ಕುಣಿತ ಎಲ್ಲ ಬದಿಗಿಡು." ಕಾಸರಗೋಡಿನಲ್ಲಿ ಹೀಗೆ ಬದಿಗೆ ಹೋಗುವುದು ಯಕ್ಷಗಾನದ ಗೆಜ್ಜೆ. ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ಅದು ತಬಲಾ ಅಥವಾ ಹಾರ್ಮೋನಿಯಂ, ಹೊಸೂರಿನಲ್ಲಿ ಭರತನಾಟ್ಯ, ಆದವಾನಿ, ರಾಯದುರ್ಗದ ಕಡೆ ನಾಟಕದ ಬಣ್ಣ. ಎರಡು ವರ್ಷಕ್ಕೆಂದು ಮಾಡಿನ ಮೇಲೆ ಇಟ್ಟ ಗೆಜ್ಜೆ ಮತ್ತೆ ಕಾಲಿಗೆ ಬರುವುದು ಅಪರೂಪ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ಮಕ್ಕಳು ಓದಿನಲ್ಲಿ ಮುಂದೆ ಬಂದರೆ ಸಂತೋಷ. ಆದರೆ ಗಡಿನಾಡಿನಲ್ಲಿ ಕಲೆಯ ಜೊತೆಗೇ ಕನ್ನಡವೂ ಹೋಗುವುದುಂಟು. ಶಾಲೆಯಲ್ಲಿ ಮಲಯಾಳ, ಮರಾಠಿ, ತಮಿಳು, ತೆಲುಗು, ಕಾಲೇಜಿನಲ್ಲಿ ಇಂಗ್ಲಿಷ್, ಎಷ್ಟೋ ಮಕ್ಕಳಿಗೆ ಮನೆಯ ಹೊರಗೆ ಉಳಿದ ಕನ್ನಡವೆಂದರೆ ಪ್ರಸಂಗದ ಮಾತು, ನಾಟಕದ ಸಂಭಾಷಣೆ, ದೇವರನಾಮ.

ಆದ್ದರಿಂದ ಈ ಬರಹದಲ್ಲಿ ವಿಜ್ಞಾನ ಮತ್ತು ಪ್ರದರ್ಶನ ಕಲೆ ಎರಡನ್ನೂ ಹಿಡಿದು ನಡೆದವರ ದಾರಿಗಳನ್ನೂ, ಇಂದು ನಮ್ಮ ಮಕ್ಕಳಿಗೆ ಇರುವ ಕೋರ್ಸು, ವಿದ್ಯಾರ್ಥಿವೇತನ, ಪ್ರವೇಶದ ಅವಕಾಶಗಳನ್ನೂ ಒಂದೆಡೆ ಕೊಡುತ್ತಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಹದಿನಾರನೆಯ ವಯಸ್ಸಿನಲ್ಲಿ ವಿಜ್ಞಾನವೋ ಕಲೆಯೋ ಎಂದು ತೀರ್ಮಾನಿಸುವ ಅಗತ್ಯವಿಲ್ಲ. ಆಗ ತೀರ್ಮಾನಿಸಬೇಕಾದದ್ದು, ಅಭ್ಯಾಸದ ಎಳೆ ಕಡಿಯದಂತೆ ದಿನಕ್ಕೆ ಎಷ್ಟು ಹೊತ್ತು, ವರ್ಷದ ಯಾವ ತಿಂಗಳು, ಯಾವ ಗುರುಗಳ ಬಳಿ ಎಂಬುದನ್ನು ಮಾತ್ರ.

ಮೃದಂಗದ ಕರಣೆಯಲ್ಲಿರುವ ಭೌತಶಾಸ್ತ್ರ

ವಿಜ್ಞಾನಕ್ಕೂ ಕಲೆಗೂ ಏನು ಸಂಬಂಧ ಎಂದು ಕೇಳುವವರಿಗೆ ಹೇಳಲು ಒಂದು ಒಳ್ಳೆಯ ಉದಾಹರಣೆಯಿದೆ. ಬರಿಯ ಚರ್ಮ ಬಿಗಿದ ಡೋಲನ್ನು ಹೊಡೆದರೆ ಸದ್ದು ಬರುತ್ತದೆ, ಶ್ರುತಿ ಬರುವುದಿಲ್ಲ. ಕಾರಣ, ಅಂಥ ದುಂಡನೆಯ ಚರ್ಮದಲ್ಲಿ ಮೂಲಸ್ವರದ ಜೊತೆ ಹುಟ್ಟುವ ಉಪಸ್ವರಗಳು ಅದರ 1.59, 2.14, 2.30 ಪಟ್ಟು, ಹೀಗೆ ಅಡ್ಡಾದಿಡ್ಡಿ ಅಳತೆಯಲ್ಲಿರುತ್ತವೆ, ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದ ಬಲ ಮುಚ್ಚಿಗೆಯ ಮೇಲೆ ಪದರ ಪದರವಾಗಿ ಕೂರಿಸುವ ಕಪ್ಪು ಕರಣೆ ಚರ್ಮದ ನಡುವಿನ ತೂಕವನ್ನು ಹೆಚ್ಚಿಸಿ, ಆ ಉಪಸ್ವರಗಳನ್ನು ಮೂಲಸ್ವರದ ಎರಡು, ಮೂರು, ನಾಲ್ಕು, ಐದು ಪಟ್ಟಿನ ಹತ್ತಿರಕ್ಕೆ ತರುತ್ತದೆ. ಆಗ ಚರ್ಮವಾದ್ಯವೂ ತಂತಿವಾದ್ಯದಂತೆ ಶ್ರುತಿಗೆ ನಿಲ್ಲುತ್ತದೆ.

ಇದನ್ನು ತೋರಿಸಿಕೊಟ್ಟವರು ಸಿ.ವಿ. ರಾಮನ್. 1920ರಲ್ಲಿ ಶಿವಕಾಳಿ ಕುಮಾರ್ ಅವರೊಂದಿಗೆ 'ನೇಚರ್' ಪತ್ರಿಕೆಯಲ್ಲಿ ಈ ಬಗ್ಗೆ ಟಿಪ್ಪಣಿ ಬರೆದರು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಮೇಲೆ, 1934ರಲ್ಲಿ ಭಾರತೀಯ ಚರ್ಮವಾದ್ಯಗಳ ಕುರಿತ ವಿಸ್ತಾರವಾದ ಪ್ರಬಂಧವನ್ನು ಪ್ರಕಟಿಸಿದರು. ಅದಕ್ಕೂ ಮೊದಲು ಪಿಟೀಲಿನ ತಂತಿಯ ಕಂಪನ, ವೀಣೆ ಮತ್ತು ತಂಬೂರಿಯ ಕುದುರೆಯ ಆಕಾರ ಇವುಗಳನ್ನೂ ಅವರು ಅಧ್ಯಯನ ಮಾಡಿದ್ದರು.

ಇಲ್ಲಿ ಗಮನಿಸಬೇಕಾದ ಅಂಶ ಇನ್ನೊಂದಿದೆ. ರಾಮನ್ ವಿವರಿಸುವ ಎಷ್ಟೋ ಮುಂಚೆ ಆ ಕರಣೆಯನ್ನು ಹದವಾಗಿ ಕೂರಿಸಿದವರು ಮೃದಂಗ ಕಟ್ಟುವ ಕುಶಲಕರ್ಮಿಗಳು. ಅವರ ಕಿವಿ ಮಾಡಿದ ಕೆಲಸವನ್ನು ವಿಜ್ಞಾನಿಯ ಅಳತೆ ಆಮೇಲೆ ಬಿಡಿಸಿ ಹೇಳಿತು. ಕಲೆಯಲ್ಲಿ ಪಳಗಿದ ಕಿವಿಯೂ ಕೈಯೂ ಇರುವ ವಿಜ್ಞಾನದ ವಿದ್ಯಾರ್ಥಿಗೆ ಉಳಿದವರಿಗೆ ಕಾಣದ ಪ್ರಶ್ನೆಗಳು ಕಾಣುತ್ತವೆ.

ಮೊದಲ ದಾರಿ: ಎರಡೂ ಜೊತೆಜೊತೆಗೆ

ಎರಡನ್ನೂ ಉಳಿಸಿಕೊಂಡವರ ಬದುಕನ್ನು ನೋಡಿದರೆ ಮುಖ್ಯವಾಗಿ ಮೂರು ದಾರಿಗಳು ಕಾಣುತ್ತವೆ. ಮೊದಲನೆಯದು, ಒಂದು ವೃತ್ತಿಯಾಗಿ, ಇನ್ನೊಂದು ಅದರ ಪಕ್ಕದಲ್ಲೇ ಗಂಭೀರವಾದ ಸಾಧನೆಯಾಗಿ ಕೊನೆಯವರೆಗೂ ನಡೆಯುವುದು.

ನಮ್ಮ ಗಡಿನಾಡಿನಲ್ಲೇ ಇದಕ್ಕೆ ಮಾದರಿಯಿದೆ. ಮಂಜೇಶ್ವರದಲ್ಲಿ ವೈದ್ಯರಾಗಿದ್ದುಕೊಂಡೇ ತಾಳಮದ್ದಳೆಯ ಅರ್ಥಧಾರಿಯಾಗಿ, ಕವಿಯಾಗಿ ಹೆಸರಾದವರು ಡಾ. ರಮಾನಂದ ಬನಾರಿ. ತಾಳಮದ್ದಳೆಗೆ ವೇಷವಿಲ್ಲ, ಕುಣಿತವಿಲ್ಲ. ಹಿಮ್ಮೇಳದ ಎದುರು ಕುಳಿತು ಆಶುವಾಗಿ ಅರ್ಥ ಹೇಳಬೇಕು. ದಿನವಿಡೀ ರೋಗಿಗಳನ್ನು ನೋಡುವ ವೈದ್ಯರಿಗೂ ಬಿಡುವು ಮಾಡಿಕೊಂಡು ನಡೆಸಲು ಸಾಧ್ಯವಾಗುವ ಕಲೆ ಅದು. ವೃತ್ತಿಯ ಜೊತೆ ಕಲೆಯನ್ನು ಹೊಂದಿಸಿಕೊಳ್ಳುವಾಗ ಕಲೆಯ ಸ್ವರೂಪವನ್ನೂ ನೋಡಿಕೊಳ್ಳಬೇಕು ಎಂಬುದಕ್ಕೆ ಇದು ನಿದರ್ಶನ.

ಮೈಸೂರಿನ ಡಾ. ರಾ. ಸತ್ಯನಾರಾಯಣ ಅವರು ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದು ಸಂಗೀತ, ನೃತ್ಯಶಾಸ್ತ್ರಗಳಲ್ಲಿ ದೊಡ್ಡ ವಿದ್ವಾಂಸರಾದರು. ಪುಂಡರೀಕ ವಿಠ್ಠಲನ 'ನರ್ತನ ನಿರ್ಣಯ'ವನ್ನು ಸಂಪಾದಿಸಿ ಅನುವಾದಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪುಣೆಯ ಡಾ. ಮೋಹನ್ ಆಗಾಶೆ ಮನೋವೈದ್ಯರು, ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರು. 1972ರಲ್ಲಿ ರಂಗಕ್ಕೆ ಬಂದ 'ಘಾಶೀರಾಮ್ ಕೋತ್ವಾಲ್' ನಾಟಕದಲ್ಲಿ ನಾನಾ ಫಡ್ನವೀಸನ ಪಾತ್ರದಿಂದ ದೇಶಕ್ಕೆಲ್ಲ ಪರಿಚಿತರಾದವರೂ ಅವರೇ. ಆಸ್ಪತ್ರೆಯನ್ನೂ ರಂಗವನ್ನೂ ಅವರು ದಶಕಗಳ ಕಾಲ ಒಟ್ಟಿಗೆ ನಡೆಸಿದರು.

ಈ ದಾರಿಯ ಅನುಕೂಲ, ಸಂಬಳಕ್ಕೆ ಚಿಂತೆಯಿಲ್ಲ. ಯಾರಿಗಾಗಿಯೂ ಕಲೆಯನ್ನು ತಗ್ಗಿಸಬೇಕಿಲ್ಲ. ಕಷ್ಟ, ಸಮಯ. ರಜೆಗಳೆಲ್ಲ ಪ್ರದರ್ಶನಕ್ಕೆ ಹೋಗುತ್ತವೆ, ಮನೆಯವರ ಸಹಕಾರವಿಲ್ಲದೆ ನಡೆಯುವುದಿಲ್ಲ.

ಎರಡನೆಯ ದಾರಿ: ವಿಜ್ಞಾನದಿಂದ ಕಲೆಗೆ

ಕೆಲವರು ವಿಜ್ಞಾನವನ್ನು ಪೂರ್ತಿಯಾಗಿ ಓದಿ, ಕೆಲವು ಕಾಲ ಅದರಲ್ಲೇ ದುಡಿದು, ಆಮೇಲೆ ಕಲೆಗೆ ಬಂದಿದ್ದಾರೆ. ಕನ್ನಡಿಗರಿಗೆ ಮೊದಲು ನೆನಪಾಗುವ ಹೆಸರು ಟಿ.ಪಿ. ಕೈಲಾಸಂ. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿ ಕೆಲಸ ಮಾಡಿ, ಅದನ್ನು ಬಿಟ್ಟು ನಾಟಕಕ್ಕೆ ಬಂದವರು ಅವರು. 'ಟೊಳ್ಳುಗಟ್ಟಿ'ಯಿಂದ ಕನ್ನಡ ರಂಗಭೂಮಿಯ ಮಾತೇ ಬದಲಾಯಿತು. ಅವರು ಅಧ್ಯಕ್ಷರಾಗಿದ್ದ 1945ರ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಮದರಾಸಿನಲ್ಲಿ ಎಂಬುದು ಹೊರನಾಡಿನವರಾದ ನಮಗೆ ಇನ್ನಷ್ಟು ಹತ್ತಿರದ ಸಂಗತಿ.

ಸೊಲ್ಲಾಪುರ, ಜತ್ತದ ಓದುಗರಿಗೆ ಡಾ. ಶ್ರೀರಾಮ ಲಾಗೂ ಅವರನ್ನು ಪರಿಚಯಿಸಬೇಕಾಗಿಲ್ಲ. 1927ರಲ್ಲಿ ಸಾತಾರೆಯಲ್ಲಿ ಹುಟ್ಟಿದ ಅವರು ಕಿವಿ, ಮೂಗು, ಗಂಟಲಿನ ಶಸ್ತ್ರಚಿಕಿತ್ಸಕರು. ಪುಣೆಯಲ್ಲಿ ವೈದ್ಯಕೀಯ ಓದುವಾಗಲೇ ನಾಟಕ ಆರಂಭಿಸಿದರು. ವೈದ್ಯವೃತ್ತಿಯ ಜೊತೆಗೇ ಹವ್ಯಾಸಿ ರಂಗಭೂಮಿಯಲ್ಲಿ ತೊಡಗಿಕೊಂಡಿದ್ದರು. ಪೂರ್ಣಾವಧಿ ನಟರಾದದ್ದು 1969ರಲ್ಲಿ, ಅಂದರೆ ಸುಮಾರು 42ರ ವಯಸ್ಸಿನಲ್ಲಿ. ಮರುವರ್ಷವೇ ವಿ.ವಾ. ಶಿರವಾಡಕರರ 'ನಟಸಮ್ರಾಟ್' ಬಂತು.

ಹಿಂದೂಸ್ತಾನಿ ಗಾಯಕಿ ಅಶ್ವಿನಿ ಭಿಡೆ ದೇಶಪಾಂಡೆ ಅವರು ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಜೀವರಸಾಯನಶಾಸ್ತ್ರದ ಡಾಕ್ಟರೇಟ್ ಮಾಡಿದವರು. ಜೈಪುರ ಅತ್ರೌಲಿ ಘರಾಣೆಯ ಗಾಯಕಿಯಾಗಿದ್ದ ತಾಯಿ ಮಾಣಿಕ್ ಭಿಡೆ ಅವರಿಂದ ಪಾಠ ನಡೆದೇ ಇತ್ತು. ಪ್ರಯೋಗಾಲಯ ಬಿಟ್ಟು ಹಾಡಿಗೆ ಪೂರ್ತಿಯಾಗಿ ಬಂದಾಗ ಅವರು ಹೊಸದಾಗಿ ಕಲಿಯಲು ಹೊರಟಿರಲಿಲ್ಲ.

ಲಾಗೂ ಮತ್ತು ಅಶ್ವಿನಿ ಭಿಡೆ ಅವರ ಬದುಕಿನಿಂದ ಪೋಷಕರು ತಿಳಿಯಬೇಕಾದ ಮಾತು ಒಂದೇ. ವಿಜ್ಞಾನದ ಓದಿನ ವರ್ಷಗಳಲ್ಲಿ ಇಬ್ಬರೂ ಕಲೆಯನ್ನು ನಿಲ್ಲಿಸಿರಲಿಲ್ಲ. ಪದವಿಯನ್ನು ಇಪ್ಪತ್ತೈದರಲ್ಲೂ ಪಡೆಯಬಹುದು, ಮೂವತ್ತರಲ್ಲೂ ಪಡೆಯಬಹುದು. ಕಂಠ, ಕಾಲು, ಬೆರಳು ಇವು ಹಾಗಲ್ಲ. ಹತ್ತರಿಂದ ಇಪ್ಪತ್ತರವರೆಗೆ ಮೈಗೂಡಿದ್ದನ್ನು ಆಮೇಲೆ ಗಳಿಸುವುದು ಬಹಳ ಕಷ್ಟ. ಎರಡು ವರ್ಷ ನಿಲ್ಲಿಸು ಎನ್ನುವಾಗ ನಾವು ಯಾವುದನ್ನು ನಿಲ್ಲಿಸುತ್ತಿದ್ದೇವೆ ಎಂಬುದನ್ನು ಯೋಚಿಸಬೇಕು.

ಮೂರನೆಯ ದಾರಿ: ಕಲೆಯೊಳಗಿನ ವಿಜ್ಞಾನ

ವಿಜ್ಞಾನವನ್ನು ಕಲೆಯ ಮೇಲೆಯೇ ದುಡಿಸುವ ಈ ದಾರಿಯ ಪರಿಚಯ ನಮ್ಮಲ್ಲಿ ಕಡಿಮೆ. ಉದ್ಯೋಗಗಳು ಹೆಚ್ಚುತ್ತಿರುವುದು ಮಾತ್ರ ಇಲ್ಲೇ ಎಂದು ನಮಗೆ ತೋರುತ್ತದೆ.

ಇಂದು ಸಂಗೀತ ಪಾಠದ ಮನೆಗಳಲ್ಲೆಲ್ಲ ಇರುವ ಎಲೆಕ್ಟ್ರಾನಿಕ್ ತಂಬೂರಿ ಬೆಂಗಳೂರಿನ ಕೊಡುಗೆ. ಕೊಳಲು ವಾದಕರೂ ವಿಮಾನ ಕಾರ್ಖಾನೆಯ ಎಂಜಿನಿಯರೂ ಆಗಿದ್ದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಅದನ್ನು ರೂಪಿಸಿದರು. ಅವರ ರಾಡೆಲ್ ಸಂಸ್ಥೆ ಬೆಳೆದದ್ದು ಆ ದಾರಿಯಲ್ಲಿ. ಎಂಜಿನಿಯರ್ ಹಾಗೂ ಕರ್ನಾಟಕ ಸಂಗೀತ ಕಲಾವಿದರಾದ ಡಾ. ಕೆ. ವರದರಂಗನ್ ಅವರು ಚರ್ಮದ ಬದಲು ಸಿಂಥೆಟಿಕ್ ಮುಚ್ಚಿಗೆಯ ಮೃದಂಗವನ್ನು ತಯಾರಿಸಿದ್ದಾರೆ. ಸಂಗೀತ ಗೊತ್ತಿಲ್ಲದ ಎಂಜಿನಿಯರಿಗೆ ಶ್ರುತಿ ಎಲ್ಲಿ ತಪ್ಪುತ್ತಿದೆ ಎಂಬುದು ಕೇಳಿಸುವುದಿಲ್ಲ. ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲದ ಸಂಗೀತಗಾರರಿಗೆ ಅದನ್ನು ಸರಿಪಡಿಸುವುದು ಹೇಗೆಂದು ತಿಳಿಯುವುದಿಲ್ಲ. ಇಂಥ ಕೆಲಸಕ್ಕೆ ಎರಡೂ ಒಬ್ಬರಲ್ಲೇ ಇರಬೇಕು.

ಕೇರಳದ ಕೊಲ್ಲಂ ಜಿಲ್ಲೆಯ ರಸೂಲ್ ಪೂಕುಟ್ಟಿ ಭೌತಶಾಸ್ತ್ರದಲ್ಲಿ ಬಿ.ಎಸ್‌ಸಿ. ಮಾಡಿ, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಧ್ವನಿಗ್ರಹಣ ಕಲಿತು, 2009ರಲ್ಲಿ ಧ್ವನಿ ಮಿಶ್ರಣಕ್ಕೆ ಆಸ್ಕರ್ ಪಡೆದರು. 2011ರಿಂದ ಕೆಲವು ವರ್ಷ ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ನಡೆದ 'ಕಾಂಪ್‌ಮ್ಯೂಸಿಕ್' ಯೋಜನೆಯಲ್ಲಿ ಮದರಾಸು ಮತ್ತು ಮುಂಬಯಿ ಐಐಟಿಗಳೂ ಪಾಲ್ಗೊಂಡಿದ್ದವು. ರಾಗ, ತಾಳಗಳನ್ನು ಕಂಪ್ಯೂಟರ್ ಗುರುತಿಸುವಂತೆ ಮಾಡುವುದು ಅಲ್ಲಿನ ಕೆಲಸಗಳಲ್ಲೊಂದು. ಆಲಾಪನೆ ಕೇಳಿ ರಾಗ ಹೇಳಬಲ್ಲ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗೆ ಇಂಥ ಸಂಶೋಧನೆಯಲ್ಲಿ ತಾನಾಗಿಯೇ ಒಂದು ಸ್ಥಾನವಿದೆ.

ಇನ್ನೊಂದು ಕ್ಷೇತ್ರ ಕಂಠದ ಆರೋಗ್ಯ. ಭಾಗವತರು, ಶಿಕ್ಷಕರು, ಗಾಯಕರು, ನಟರು ಧ್ವನಿ ಕೆಟ್ಟಾಗ ಕಷಾಯ ಕುಡಿದು ಸುಮ್ಮನಾಗುತ್ತಾರೆ. ಧ್ವನಿ ಚಿಕಿತ್ಸೆ ಎಂಬುದು ಇಂದು ಪ್ರತ್ಯೇಕ ವೃತ್ತಿ. ಅದನ್ನು ಕಲಿಸುವ ದೇಶದ ಪ್ರಮುಖ ಸಂಸ್ಥೆ, 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಮೈಸೂರಿನಲ್ಲೇ ಇದೆ. ಹಾಡುವುದು ಗೊತ್ತಿರುವ ಧ್ವನಿ ಚಿಕಿತ್ಸಕರು ನಮ್ಮ ಕಡೆಗೆ ಎಷ್ಟು ಬೇಕೆಂಬುದನ್ನು ರಾತ್ರಿಯಿಡೀ ಹಾಡುವ ಭಾಗವತರನ್ನು ಕೇಳಿದರೆ ತಿಳಿಯುತ್ತದೆ.

ವಿಜ್ಞಾನವೇ ರಂಗಕ್ಕೆ ಬಂದಾಗ

ಕೇರಳದ ಓದುಗರಿಗೆ ಶಾಸ್ತ್ರ ಕಲಾಜಾಥಾ ಹೊಸದಲ್ಲ. 1962ರಲ್ಲಿ ಆರಂಭವಾದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು 1980ರಿಂದ ಬೀದಿನಾಟಕ, ಹಾಡುಗಳ ಮೂಲಕ ವಿಜ್ಞಾನವನ್ನು ಊರೂರಿಗೆ ಒಯ್ದಿತು. 1987ರ ಭಾರತ ಜನ ವಿಜ್ಞಾನ ಜಾಥಾ ಈ ಬಗೆಯ ಪ್ರಯತ್ನವನ್ನು ಇಡೀ ದೇಶಕ್ಕೆ ಹರಡಿತು. ಬೆಂಗಳೂರಿನಲ್ಲಿ ಭೌತವಿಜ್ಞಾನಿ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರು ಲಲಿತಕಲಾ ಪರಿಷತ್ತನ್ನು ಕಟ್ಟಿದವರೂ ಅವರೇ. ಒಂದೇ ಕಾಲೇಜಿನ ಆವರಣದಲ್ಲಿ ಇವತ್ತು ವಿಜ್ಞಾನದ ಉಪನ್ಯಾಸ, ನಾಳೆ ನಾಟಕ ಎಂಬುದು ಅವರಿಗೆ ವಿಶೇಷವೆನಿಸಿರಲಿಲ್ಲ.

ಶಾಲೆಯ ಮಕ್ಕಳಿಗೆ ಇಲ್ಲಿ ಒಂದು ಒಳ್ಳೆಯ ಮೊದಲ ಮೆಟ್ಟಿಲಿದೆ. ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯ ಪರಿಷತ್ತು ಶಾಲಾ ಮಕ್ಕಳಿಗಾಗಿ ವಿಜ್ಞಾನ ನಾಟಕ ಸ್ಪರ್ಧೆಗಳನ್ನು ನಡೆಸುತ್ತದೆ. ಕೆಳಗಿನ ಹಂತಗಳಲ್ಲಿ ಗೆದ್ದ ತಂಡಗಳು ರಾಷ್ಟ್ರಮಟ್ಟಕ್ಕೆ ಹೋಗುತ್ತವೆ. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯ ಇದೇ ಪರಿಷತ್ತಿಗೆ ಸೇರಿದ್ದು. ವಿಜ್ಞಾನ ಶಿಕ್ಷಕರೂ ನಾಟಕದ ಆಸಕ್ತರೂ ಇರುವ ಶಾಲೆ ಇದನ್ನು ಬಿಡಬಾರದು. ವಿಜ್ಞಾನ ಸಂಗ್ರಹಾಲಯ, ತಾರಾಲಯಗಳಲ್ಲಿ ಜನರಿಗೆ ವಿವರಿಸುವ, ಪ್ರದರ್ಶನ ನಡೆಸುವ ಕೆಲಸಗಳಿಗೂ ವೇದಿಕೆಯ ಅಭ್ಯಾಸವಿರುವ ವಿಜ್ಞಾನ ಪದವೀಧರರೇ ಸೂಕ್ತರು.

ಓದಿನ ಅವಕಾಶಗಳು

ಪ್ಲಸ್ ಟು ಎನ್ನಿ, ಇಂಟರ್ ಎನ್ನಿ, ಪಿಯುಸಿ ಎನ್ನಿ, ವಿಜ್ಞಾನ ಓದಿದ ಮಕ್ಕಳಿಗೆ ತೆರೆದಿರುವ ಕೆಲವು ಬಾಗಿಲುಗಳು ಹೀಗಿವೆ. ನಿಯಮಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ಮೊದಲು ಆಯಾ ವರ್ಷದ ಪ್ರಕಟಣೆಯನ್ನು ತಪ್ಪದೆ ನೋಡಿ.

• ವಾಕ್ ಮತ್ತು ಶ್ರವಣ: ಪದವಿ ಕೋರ್ಸು ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷ. ಮೈಸೂರಿನ ಸಂಸ್ಥೆಗೆ ಪ್ರವೇಶ ಪರೀಕ್ಷೆಯಿದೆ. ಕೇರಳದವರಿಗೆ ತಿರುವನಂತಪುರದ ನಿಶ್ ಸಂಸ್ಥೆಯೂ ಇದೆ.

• ಧ್ವನಿಗ್ರಹಣ ಮತ್ತು ಧ್ವನಿ ವಿನ್ಯಾಸ: ಪುಣೆಯ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟಿನಲ್ಲಿ ಪದವಿಯ ನಂತರದ ಕೋರ್ಸು. ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ ಓದಿದವರಿಗೆ ಮೀಸಲಾಗಿ ಬಂದ ವಿಭಾಗ ಇದು. ಕಲ್ಕತ್ತೆಯ ಸತ್ಯಜಿತ್ ರೇ ಸಂಸ್ಥೆಯಲ್ಲೂ ಧ್ವನಿ ವಿಭಾಗವಿದೆ.

• ರಂಗಭೂಮಿ: ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಮೂರು ವರ್ಷದ ಕೋರ್ಸಿಗೆ ಯಾವ ವಿಷಯದ ಪದವಿಯಾದರೂ ಆಗುತ್ತದೆ, ನಾಟಕಗಳಲ್ಲಿ ಭಾಗವಹಿಸಿದ ಅನುಭವವನ್ನು ಕೇಳುತ್ತಾರೆ. ಅಂದರೆ ಬಿ.ಎಸ್‌ಸಿ. ಮಾಡುತ್ತ ಊರಿನ ತಂಡದಲ್ಲಿ ನಾಟಕ ಮಾಡಿದವರಿಗೆ ಎರಡೂ ಉಪಯೋಗಕ್ಕೆ ಬರುತ್ತವೆ. ಶಾಲೆಯ ಕೇಂದ್ರವೊಂದು ಬೆಂಗಳೂರಿನಲ್ಲೂ ಇದೆ. ಕನ್ನಡದಲ್ಲೇ ಕಲಿಯಬೇಕೆನ್ನುವವರಿಗೆ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರವಿದೆ. 1980ರಲ್ಲಿ ಆರಂಭವಾದ ಇದರ ಕೋರ್ಸು ಒಂದು ಶೈಕ್ಷಣಿಕ ವರ್ಷದ್ದು. ಪದವಿ ಮತ್ತು ಸ್ನಾತಕೋತ್ತರದ ನಡುವೆ ಒಂದು ವರ್ಷ ಅಲ್ಲಿಗೆ ಹೋಗಿ ಬರುವುದು ಒಳ್ಳೆಯ ಉಪಾಯ.

• ಎರಡು ಪದವಿ ಒಟ್ಟಿಗೆ: 2022ರಲ್ಲಿ ಯುಜಿಸಿ ಹೊರಡಿಸಿದ ಮಾರ್ಗಸೂಚಿಯಂತೆ ವಿದ್ಯಾರ್ಥಿಗಳು ಏಕಕಾಲಕ್ಕೆ ಎರಡು ಪದವಿ ಕೋರ್ಸುಗಳನ್ನು ಮಾಡಬಹುದು. ಎರಡೂ ತರಗತಿಗೆ ಹೋಗುವ ಕೋರ್ಸುಗಳಾದರೆ ವೇಳೆ ಒಂದರ ಮೇಲೊಂದು ಬರಬಾರದು; ಇಲ್ಲವೇ ಒಂದನ್ನು ದೂರಶಿಕ್ಷಣದಲ್ಲಿ ಮಾಡಬಹುದು. ಇಗ್ನೋ ವಿಶ್ವವಿದ್ಯಾಲಯದಲ್ಲಿ ಕರ್ನಾಟಕ ಸಂಗೀತ, ಹಿಂದೂಸ್ತಾನಿ ಸಂಗೀತ, ಭರತನಾಟ್ಯ, ರಂಗಕಲೆಗಳ ಸರ್ಟಿಫಿಕೇಟ್ ಕೋರ್ಸುಗಳೂ ಇವೆ.

• ಪರೀಕ್ಷೆಗಳು: ಕರ್ನಾಟಕದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು, ಮಹಾರಾಷ್ಟ್ರದ ಕಡೆಯವರಿಗೆ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗಳು ಕಲಿಕೆಗೆ ಒಂದು ಲೆಕ್ಕ ಕೊಡುತ್ತವೆ. ಪ್ರಮಾಣಪತ್ರವೇ ಕಲೆಯಲ್ಲ, ನಿಜ. ಆದರೆ ಮುಂದೆ ಎಲ್ಲಿಗೆ ಅರ್ಜಿ ಹಾಕಿದರೂ ಮೊದಲು ಕೇಳುವುದು ಅದನ್ನೇ.

ವಿದ್ಯಾರ್ಥಿವೇತನ ಮತ್ತು ಕಲಾಪ್ರತಿಭೆಯ ಸೀಟು

ದೆಹಲಿಯ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ, ಅಂದರೆ ಸಿಸಿಆರ್‌ಟಿ, 10ರಿಂದ 14 ವಯಸ್ಸಿನ ಮಕ್ಕಳಿಗೆ ಸಾಂಸ್ಕೃತಿಕ ಪ್ರತಿಭಾ ಶೋಧ ವಿದ್ಯಾರ್ಥಿವೇತನ ಕೊಡುತ್ತದೆ. ಸಂಗೀತ, ನೃತ್ಯ, ನಾಟಕ, ಸಾಂಪ್ರದಾಯಿಕ ಕಲಾರೂಪಗಳು ಇದರಲ್ಲಿ ಸೇರುತ್ತವೆ. ಕೇಂದ್ರ ಸರ್ಕಾರದ ಯೋಜನೆಯಾದ್ದರಿಂದ ಯಾವ ರಾಜ್ಯದಲ್ಲಿದ್ದರೂ ಅರ್ಜಿ ಹಾಕಬಹುದು. ಹತ್ತನೆಯ ತರಗತಿ ಮುಗಿದ ಮೇಲೆ ಇದರ ನೆನಪಾದರೆ ವಯಸ್ಸು ಮೀರಿರುತ್ತದೆ. ಐದು, ಆರನೆಯ ತರಗತಿಯಲ್ಲೇ ಗಮನ ಕೊಡಿ. 18ರಿಂದ 25 ವಯಸ್ಸಿನವರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನವಿದೆ. ಅದು ಎರಡು ವರ್ಷ ಗುರುಮುಖದಿಂದ ಉನ್ನತ ಅಭ್ಯಾಸ ಮಾಡುವುದಕ್ಕೆ.

ಮದರಾಸು ಐಐಟಿ 2025-26ರಿಂದ ಲಲಿತಕಲೆ ಮತ್ತು ಸಂಸ್ಕೃತಿಯ ಸಾಧಕರಿಗೆ ಪ್ರತ್ಯೇಕ ಪ್ರವೇಶ ಆರಂಭಿಸಿದೆ. ಪ್ರತಿ ಪದವಿ ವಿಭಾಗದಲ್ಲೂ ಎರಡು ಹೆಚ್ಚುವರಿ ಸೀಟು, ಅದರಲ್ಲಿ ಒಂದು ಹೆಣ್ಣುಮಕ್ಕಳಿಗೆ. ಜೆಇಇ ಅಡ್ವಾನ್ಸ್‌ಡ್ ಪರೀಕ್ಷೆಯ ರ‍್ಯಾಂಕ್ ಪಟ್ಟಿಯಲ್ಲಿ ಇರಲೇಬೇಕು. ಅದರ ಮೇಲೆ ಕಲೆಯಲ್ಲಿ ಪಡೆದ ಮನ್ನಣೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಸೀಟುಗಳ ಸಂಖ್ಯೆ ಸಣ್ಣದು. ಹಾಗಿದ್ದರೂ ಕೋಚಿಂಗಿಗಾಗಿ ಕಲೆಯನ್ನು ಪೂರ್ತಿ ಬಿಡಿಸುವ ಮೊದಲು ಈ ಒಂದು ಸಂಗತಿ ನೆನಪಿರಲಿ.

ವರ್ಷದ ಲೆಕ್ಕ

ಸಮಯವಿಲ್ಲ ಎಂಬುದು ಎಲ್ಲರೂ ಹೇಳುವ ಕಾರಣ. ವರ್ಷವನ್ನು ಸರಿಯಾಗಿ ಹಂಚಿಕೊಂಡರೆ ಅರ್ಧ ತೊಡಕು ಕಡಿಮೆಯಾಗುತ್ತದೆ. ಕರಾವಳಿಯ ಯಕ್ಷಗಾನ ಮೇಳಗಳ ತಿರುಗಾಟ ಸಾಮಾನ್ಯವಾಗಿ ನವೆಂಬರಿನಲ್ಲಿ ಆರಂಭವಾಗಿ ಮೇ ತಿಂಗಳ ಪತ್ತನಾಜೆಗೆ ಮುಗಿಯುತ್ತದೆ. ಬೋರ್ಡ್ ಪರೀಕ್ಷೆ, ಜೆಇಇ, ನೀಟ್ ಎಲ್ಲವೂ ಆ ತಿಂಗಳುಗಳಲ್ಲೇ ಬರುತ್ತವೆ. ಹಾಗಾಗಿ ಹನ್ನೆರಡನೆಯ ತರಗತಿಯ ಹುಡುಗ ಅಥವಾ ಹುಡುಗಿ ಆ ಅವಧಿಯಲ್ಲಿ ರಾತ್ರಿಯಾಟಕ್ಕೆ ಹೋಗದಿರುವುದೇ ಒಳ್ಳೆಯದು. ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಗಾಲ ತಾಳಮದ್ದಳೆಯ ಕಾಲ, ನಾಟ್ಯ ತರಗತಿಯ ಕಾಲ. ವಾರಕ್ಕೆ ಒಂದು ತರಗತಿ, ದಿನಕ್ಕೆ ಅರ್ಧ ಗಂಟೆ ಹೆಜ್ಜೆ ಅಥವಾ ತಾಳ, ಮಳೆಗಾಲದಲ್ಲಿ ಎರಡು ಮೂರು ಕೂಟ, ಪರೀಕ್ಷೆಗೆ ಮೊದಲಿನ ಎರಡು ತಿಂಗಳು ಬರೀ ಕೇಳುವುದು. ಇಷ್ಟಾದರೆ ಎಳೆ ಕಡಿಯುವುದಿಲ್ಲ.

ಸಂಗೀತ ಕಲಿಯುವವರಿಗೆ ಬೆಳಗಿನ ಅರ್ಧ ಗಂಟೆ ಸಾಧನೆ ಸಾಕು. ಹೊಸ ಕೃತಿ, ಹೊಸ ರಾಗ ಆಮೇಲೆ ಕಲಿಯಬಹುದು. ನೃತ್ಯದವರು ಅಡವುಗಳನ್ನು ಬಿಡಬಾರದು, ಅದು ವ್ಯಾಯಾಮವೂ ಆಯಿತು. ಗುರುಗಳಿಗೆ ವಿಷಯ ತಿಳಿಸಿ, ಅವರ ಒಪ್ಪಿಗೆಯಿಂದಲೇ ಪಾಠ ಕಡಿಮೆ ಮಾಡಿಕೊಳ್ಳಿ. ಹೇಳದೆ ನಿಲ್ಲಿಸಿದವರಿಗೆ ಮರಳಿ ಹೋಗಲು ಸಂಕೋಚವಾಗುತ್ತದೆ. ಅನೇಕರು ಮರಳದಿರುವುದಕ್ಕೆ ಆ ಸಂಕೋಚವೂ ಒಂದು ಕಾರಣ.

ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧಾ ವಿಷಯ. ಕಲೋತ್ಸವದ ಸಾಧನೆಗೆ ಕೃಪಾಂಕ ಸಿಗುವ ಪದ್ಧತಿಯೂ ಅಲ್ಲಿದೆ. ಇದು ಓದಿಗೂ ನೆರವಾಗುತ್ತದೆ.

ಗಡಿನಾಡಿನವರಿಗೆ ವಿಶೇಷ ಸೂಚನೆ

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಹನ್ನೊಂದನೆಯ ತರಗತಿಯ ಮೊದಲ ಆರು ತಿಂಗಳು ಕಷ್ಟ. ಇಂಗ್ಲಿಷ್ ಪದಗಳನ್ನು ಹಿಡಿಯುವುದರಲ್ಲೇ ಹೊತ್ತು ಹೋಗುತ್ತದೆ, ಕಲೆಯನ್ನು ಬಿಡಿಸುವುದೂ ಆಗಲೇ. ಹತ್ತನೆಯ ತರಗತಿಯ ರಜೆಯಲ್ಲಿ ವಿಜ್ಞಾನದ ಪರಿಭಾಷೆಯನ್ನು ಎರಡೂ ಭಾಷೆಯಲ್ಲಿ ಕಲಿಸುವ ವ್ಯವಸ್ಥೆಯನ್ನು ನಮ್ಮಂಥ ಸಂಘಗಳು ಮಾಡಿದರೆ ಮಕ್ಕಳಿಗೆ ದೊಡ್ಡ ಉಪಕಾರ.

ನೀಟ್ ಮತ್ತು ಜೆಇಇ ಮೇನ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇದೆ. ಆದರೆ ಕನ್ನಡ ಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ. ಗಡಿಯಾಚೆಯಿಂದ ಅರ್ಜಿ ಹಾಕುವವರು ಕೇಂದ್ರ ಆರಿಸುವಾಗಲೇ ಇದನ್ನು ಗಮನಿಸಬೇಕು. ಜೆಇಇ ಅಡ್ವಾನ್ಸ್‌ಡ್ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ.

ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು ಮತ್ತು ಹೊರನಾಡು ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ಕಲಂಗಳಿವೆ. ಮಾತೃಭಾಷೆ, ವಾಸ ಮತ್ತು ಓದಿನ ದಾಖಲೆಗಳನ್ನು ಕೊಡಬೇಕು. ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. ಈ ಪ್ರಮಾಣಪತ್ರಗಳನ್ನು ಕೊನೆಯ ವಾರದಲ್ಲಿ ಹುಡುಕಲು ಹೊರಟರೆ ಸಿಗುವುದಿಲ್ಲ. ಅಗತ್ಯವಿರುವ ಸದಸ್ಯರು ಮೊದಲೇ ಸಂಘವನ್ನು ಸಂಪರ್ಕಿಸಿದರೆ ಯಾವ ಕಚೇರಿಗೆ ಹೋಗಬೇಕು, ಏನೇನು ಒಯ್ಯಬೇಕು ಎಂಬುದನ್ನು ತಿಳಿಸುತ್ತೇವೆ.

ಪೋಷಕರಲ್ಲಿ ನಮ್ಮ ವಿನಂತಿ

ಎರಡು ದೋಣಿಯ ಮೇಲೆ ಕಾಲಿಟ್ಟವನು ಮುಳುಗುತ್ತಾನೆ ಎಂದು ಹಿರಿಯರು ಹೇಳುವುದರಲ್ಲಿ ಅರ್ಥವಿಲ್ಲದೆ ಇಲ್ಲ. ಎಲ್ಲ ಮಕ್ಕಳಿಗೂ ಇದು ಸಾಧ್ಯ ಎಂದು ನಾವು ಹೇಳುವುದಿಲ್ಲ. ವೈದ್ಯಕೀಯ ಸ್ನಾತಕೋತ್ತರದಂಥ ಓದಿನ ವರ್ಷಗಳಲ್ಲಿ ಕಲೆಗೆ ಉಳಿಯುವ ಹೊತ್ತು ಬಹಳ ಕಡಿಮೆ. ಕಲೆಯನ್ನೇ ನಂಬಿದವರ ಆದಾಯ ತಿಂಗಳು ತಿಂಗಳಿಗೆ ಏರಿಳಿಯುತ್ತದೆ. ಲಾಗೂ ಅವರಂಥವರೂ ಕೊನೆಗೆ ಒಂದನ್ನು ಬಿಟ್ಟರು. ಆದರೆ ಬಿಟ್ಟದ್ದು ಎರಡರಲ್ಲೂ ಪಳಗಿದ ಮೇಲೆ, ತಾವೇ ಯೋಚಿಸಿ, ನಲವತ್ತು ದಾಟಿದ ವಯಸ್ಸಿನಲ್ಲಿ. ಹದಿನಾರರ ಮಗುವಿನ ಪರವಾಗಿ ನಾವು ಆ ತೀರ್ಮಾನ ಮಾಡಿದರೆ, ಮುಂದೆ ಆಯ್ಕೆ ಮಾಡಿಕೊಳ್ಳಲು ಅವರ ಕೈಯಲ್ಲಿ ಎರಡನೆಯದು ಇರುವುದೇ ಇಲ್ಲ.

ವಿಜ್ಞಾನ ಓದುತ್ತಿರುವ, ಜೊತೆಗೆ ಯಾವುದಾದರೂ ಕಲೆಯನ್ನು ಬಿಡದೆ ಕಲಿಯುತ್ತಿರುವ ವಿದ್ಯಾರ್ಥಿಗಳು ನಮ್ಮ ಸದಸ್ಯರ ಮನೆಗಳಲ್ಲಿ ಇದ್ದರೆ ಹೆಸರು ತಿಳಿಸಿ. ಸಂಘದ ಕಾರ್ಯಕ್ರಮಗಳಲ್ಲಿ ಅವರಿಗೆ ಹದಿನೈದು ನಿಮಿಷದ ವೇದಿಕೆ ಕೊಡುವುದು ನಮಗೆ ಕಷ್ಟವಲ್ಲ. ಪರೀಕ್ಷೆಯ ದಿನಗಳನ್ನು ನೋಡಿಕೊಂಡೇ ದಿನ ಗೊತ್ತುಮಾಡುತ್ತೇವೆ.